ಕರೆಂಟು ಹೋದ ಹೊತ್ತು

ಹೋದ ವಾರ ತಿ. ನರಸೀಪುರದ ಕಡೆಯಿಂದ ಅಕ್ಕಿ ಮಿಲ್ಲಿನ ಹಳೆಯ ಯಂತ್ರವೊಂದು ನಂಜನಗೂಡಿನ ನನ್ನ ಅಂಗಡಿಗೆ ಬಂತು. ಹಳೆ ಮೋಟಾರು, ಯಂತ್ರ ಕೊಂಡು ಮಾರುವುದು ನನ್ನ ಕಸುಬು. ಮುಚ್ಚಳ ಬಿಚ್ಚಿದರೆ ಒಳಗಿನಿಂದ ಒಂದು ಹಿಡಿ ಮುಗ್ಗಲು ತೌಡು ಉದುರಿತು. ಆ ವಾಸನೆಗೆ, ಚೌಕಾಸಿಯ ನಡುವೆಯೇ ನನ್ನ ಮಾತು ನಿಂತುಹೋಯಿತು. ಚೌಕಾಸಿಯಲ್ಲಿ ಎಂದೂ ಹಾಗೆ ಆಗಗೊಡಬಾರದು. ಆದರೆ ಅಕ್ಕ ನೆನಪಾಗಿದ್ದಳು...

ಹುಡುಗ ವಯಸ್ಸಿನಲ್ಲಿ ನಾನು ನರಸೀಪುರದ ಹತ್ತಿರ ಒಂದು ಮಿಲ್ಲಿನಲ್ಲಿ ಮೂಟೆ ಹೊರುತ್ತಿದ್ದೆ. ಅಕ್ಕ ಅಲ್ಲಿ ನುಚ್ಚು ಕೇರುತ್ತಿದ್ದಳು. ಒಡಹುಟ್ಟಿದವಳಲ್ಲ, ಮಿಲ್ಲಿನವರೆಲ್ಲ ಹಾಗೇ ಕರೆಯುತ್ತಿದ್ದೆವು. ಯಂತ್ರ ಓಡುವಾಗ ಅಲ್ಲಿ ಮಾತಿಲ್ಲ, ಬರೀ ಕೂಗು. ಕರೆಂಟು ಹೋದರೆ ಬೆಲ್ಟು ನಿಧಾನವಾಗಿ ನಿಂತು, ಧೂಳು ಇಳಿದು, ಸೂರಿನ ಗುಬ್ಬಚ್ಚಿಗಳ ಸದ್ದು ಕೇಳುತ್ತಿತ್ತು. ನಾವು ಬೀಡಿಗೆ ಓಡುತ್ತಿದ್ದೆವು. ಅಕ್ಕ ಮೊರ ಪಕ್ಕಕ್ಕಿಟ್ಟು, ಗೋಡೆಗೆ ಒರಗಿ, ಕಣ್ಣು ಮುಚ್ಚಿ ಅಲ್ಲಾಡದೆ ಕೂರುತ್ತಿದ್ದಳು.

"ಸ್ವಾಮ್ಗಳು ತಪಸ್ಸಿಗೆ ಕುಂತವ್ರೆ, ಕಾಲ್ಗೆ ಬೀಳ್ರಲಾ" ಎಂದು ಒಬ್ಬ ಹಮಾಲಿ ರೇಗಿಸುತ್ತಿದ್ದ.

"ಬಿದ್ರೆ ಕಾಣ್ಕೆ ಮಡಗ್ಬೇಕಾಯ್ತದೆ. ಕಾಸ್ ಅದಾ ನಿನ್ ಜೋಬಲ್ಲಿ?" ಕಣ್ಣು ಬಿಡದೆಯೇ ಹೇಳುವಳು.

ಒಂದು ದಿನ ಮಳೆ ಬಂದು ನಾನು ಹೊರಗೆ ಹೋಗಲಿಲ್ಲ. ಅಕ್ಕನ ಪಕ್ಕದಲ್ಲೇ ಕೂತೆ. ಅವಳಾಗಿಯೇ ಹೇಳಿದಳು: "ಜ್ವರದಲ್ಲಿ ಓಯ್ತಲ್ಲಾ ನನ್ ಹೆಣ್ಮಗ, ಅದ್ರದೊಂದು ಪೋಟನೂ ಇಲ್ಲ. ಮೊಕ ಅಳಿಸ್ಕಂಡ್ ಓಯ್ತಾ ಅದೆ. ದನಿ ಮಾತ್ರ ಉಳ್ಕಂಡದೆ. ಸದ್ದು ನಿಂತ್ರೆ ಅವ್ವಾ ಅಂತದೆ."

"ಮನೇಲಿ ಕೇಳಲ್ವಾಕ್ಕ?"

"ಮನೇಲಿ ಕುಡ್ದು ಬಂದೋನ್ ಬಾಯಿ, ಟೀವಿ ಬಾಯಿ. ಇಲ್ಲೇ ಕಣಪ್ಪ ಒಸಿ ಬುಡುವು."

ಆಮೇಲೆ ಸಾಹುಕಾರರು ಜನರೇಟರು ತಂದರು. ಹೂವಿನ ಹಾರ ಹಾಕಿ, ಕಾಯಿ ಒಡೆದರು. ನಮಗೆಲ್ಲ ಖುಷಿ. ಮೂಟೆಯ ಲೆಕ್ಕದ ಕೂಲಿ, ಯಂತ್ರ ನಿಂತರೆ ಹೊಟ್ಟೆಗೆ ಏಟು. ಅಕ್ಕ ಒಬ್ಬಳೇ ಸಾಹುಕಾರರ ಮುಂದೆ ನಿಂತಳು.

"ಸಾವ್ಕಾರ್ರೇ, ಕರೆಂಟ್ ಓದಾಗ ಒಸಿ ಒತ್ತು ಬುಟ್ಟು ಆನ್ ಮಾಡ್ಸಿ."

"ಸುಮ್ನೆ ನಿಲ್ಸಕ್ಕೇನವ್ವ ಇದ ತಂದಿರದು?" ಎಂದು ಅವರು ನಕ್ಕರು. ನಾವೂ ನಕ್ಕೆವು. ಅಂದಿನಿಂದ ಕರೆಂಟು ಹೋದದ್ದೇ ತಿಳಿಯುತ್ತಿರಲಿಲ್ಲ. ಬೆಲ್ಟು ನಿಲ್ಲುವ ಮೊದಲೇ ಹೊರಗೆ ಜನರೇಟರು ಗುಡುಗುತ್ತಿತ್ತು. ಅಕ್ಕ ಮೊರ ಕೆಳಗಿಡಲಿಲ್ಲ.

ನಾನು ಮಿಲ್ಲು ಬಿಟ್ಟು ನಂಜನಗೂಡು ಸೇರಿದೆ. ಅವಳು ಅಲ್ಲೇ ಉಳಿದಳು. ಎಷ್ಟೋ ವರ್ಷದ ಮೇಲೆ ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. ಇಡೀ ಸ್ಟ್ಯಾಂಡು ತಿರುಗಿ ನೋಡುವಂತೆ ಕೂಗಿದಳು: "ಕಿವಿ ಓಯ್ತು ಕಣಪ್ಪ."

ಸಮಾಧಾನ ಮಾಡೋಣವೆಂದು ಕೈಸನ್ನೆ ಸೇರಿಸಿ ಹೇಳಿದೆ, ಇನ್ನು ಯಾರ ಗಲಾಟೆಯೂ ಇಲ್ಲವಲ್ಲ, ನೆಮ್ಮದಿಯಾಗಿರಕ್ಕ ಎಂದು. ನನ್ನ ತುಟಿ ನೋಡಿ ಅರ್ಥಮಾಡಿಕೊಂಡಳು.

"ಎಲ್ ನೆಮ್ದಿ? ಮಿಲ್ಲು ತಲೆ ಒಳ್ಗೇ ಓಡ್ತಾ ಅದೆ. ಅಲ್ಲಿ ಕರೆಂಟ್ ಓಗದೇ ಇಲ್ಲ."

ಮಗುವಿನ ದನಿಯ ಮಾತು ನಾನು ಎತ್ತಲಿಲ್ಲ. ಅವಳೂ ಎತ್ತಲಿಲ್ಲ. ಆ ವಾರವೇ ಅವಳನ್ನು ಮೈಸೂರಿಗೆ ಕರೆದೊಯ್ದು ಕಿವಿ ಡಾಕ್ಟರಿಗೆ ತೋರಿಸಿದೆ. ನರ ಸತ್ತಿದೆ, ಒಳಗಿನ ಸದ್ದು ಹೋಗುವಂಥದ್ದಲ್ಲ ಎಂದರು. ಅದನ್ನು ಅವಳಿಗೆ ಹೇಗೆ ತಿಳಿಸಲಿ... ಬಸ್ಸಿನಲ್ಲಿ ವಾಪಸು ಬರುವಷ್ಟು ಹೊತ್ತೂ ಎರಡೂ ಅಂಗೈಯಿಂದ ಕಿವಿ ಒತ್ತಿ ಹಿಡಿದುಕೊಂಡೇ ಕೂತಿದ್ದಳು.

ಕಳೆದ ಆಷಾಢದಲ್ಲಿ ಹೋಗಿಬಿಟ್ಟಳು. ಸುದ್ದಿ ತಡವಾಗಿ ಬಂತು, ಮಣ್ಣಿಗೆ ಹೋಗಲಾಗಲಿಲ್ಲ.

ವ್ಯಾಪಾರದಲ್ಲಿ ನಾಲ್ಕು ಕಾಸು ಕಂಡವನು ಹೇಳುತ್ತೇನೆ, ಕೇಳಿ. ದಿನದಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕೂರುವುದನ್ನು ಈಗಲೇ ನಿಮ್ಮದು ಮಾಡಿಕೊಳ್ಳಿ. ಅದರ ಸ್ವಿಚ್ಚು ಇನ್ನೊಬ್ಬರ ಕೈಯಲ್ಲಿರದ ಹಾಗೆ ನೋಡಿಕೊಳ್ಳಿ. ನಾನು ಊಟಕ್ಕೆ ಮುಂಚೆ ಅಂಗಡಿಯ ಮಿಷನ್ನುಗಳನ್ನೆಲ್ಲ ಆರಿಸಿ, ಮೊಬೈಲು ಒಳಗಿಟ್ಟು ಕೂರುತ್ತೇನೆ. ಗಿರಾಕಿ ಕಾಯಲಿ.

ಆಗ ಅಕ್ಕನ ದನಿ ನೆನೆಸಿಕೊಳ್ಳಲು ನೋಡುತ್ತೇನೆ. ಮಾತುಗಳು ಒಂದೂ ಮರೆತಿಲ್ಲ. ಆದರೆ ಎಲ್ಲವೂ ಕೂಗಾಗಿಯೇ ಬರುತ್ತವೆ... ಮಳೆಯ ದಿನ ಗೋಡೆಯ ಪಕ್ಕ ಮೆಲ್ಲಗೆ ಹೇಳಿದ ಆ ಮಾತು ಕೂಡ.