ಜೇನಿಗೆ ಬೆಲ್ಲದ ನೀರು ಕೊಟ್ಟ ವರ್ಷ

ಹುಚ್ಚೆಳ್ಳು ಹೂ ಬಿಟ್ಟಿತೆಂದರೆ ನನ್ನ ಕಾಲು ಮನೆಯಲ್ಲಿ ನಿಲ್ಲುವುದಿಲ್ಲ. ರಾಗಿಯ ನಡುವೆ ಬೇರೆ ಕಾಳು ಬಿತ್ತುವ ಅಕ್ಕಡಿ ಸಾಲಿನಲ್ಲಿ ಮೊದಲ ಹಳದಿ ಕಂಡ ದಿನ ಒಲೆಯ ಮೇಲೆ ಹಾಲಿಟ್ಟು ಜೇನು ಪೆಟ್ಟಿಗೆಯ ಹತ್ತಿರ ಓಡಿದವಳು ನಾನು. ಹಾಲು ಉಕ್ಕಿತು, ಅತ್ತೆ ಬೈದರು, ನಾನು ನಕ್ಕೆ. ಹಂಪಾಪುರದ ಕಡೆಯ ನಮ್ಮ ಹೊಲಗಳಲ್ಲಿ, ಮಳೆಗಾಲ ದಾಟಿಬಂದ ಜೇನಿಗೆ ಹೊಟ್ಟೆ ತುಂಬ ಸಿಗುವ ಮೊದಲ ಊಟ ಅದು. ಅದು ಸಿಗದಿದ್ದರೆ ಒಂದು ಬೆಳಿಗ್ಗೆ ರಾಣಿಯನ್ನೂ ಕರೆದುಕೊಂಡು ಎಲ್ಲ ಎದ್ದುಹೋಗುತ್ತವೆ. ಒಂದು ವರ್ಷ ಹಾಗೇ ಆಗುವುದರಲ್ಲಿತ್ತು, ಅದೂ ನನ್ನ ಬಾಯಿಂದ.

ಆಗ ನನ್ನಲ್ಲಿದ್ದುದು ಎರಡೇ ಪೆಟ್ಟಿಗೆ. ಹುಣಸೂರಿನಲ್ಲಿ ಮೂರು ದಿನ ತರಬೇತಿ ಪಡೆದು, ಪೆಟ್ಟಿಗೆಯ ಬಾಗಿಲು ಮುಚ್ಚಿ, ಹಳೆ ಪಂಚೆ ಸುತ್ತಿ, ಬಸ್ಸಿನಲ್ಲಿ ಕಾಲ ಬುಡದಲ್ಲಿಟ್ಟುಕೊಂಡು ತಂದಿದ್ದೆ. ಒಳಗಿಂದ ಗುಂಯ್ ಅನ್ನುವುದು ಕೇಳಿಸಿ ಕಂಡಕ್ಟರ್ ಏನಮ್ಮಾ ಅದು ಎಂದ. ರೇಡಿಯೊ ಕೆಟ್ಟಿದೆ ಎಂದೆ. ಮೊದಲ ಬೇಸಿಗೆಯಲ್ಲೇ ಹೊಂಗೆಯ ಹೂವಿಗೆ ಎರಡೂ ಪೆಟ್ಟಿಗೆಯ ಮೇಲಂತಸ್ತು ತುಂಬಿತು. ಮೇಣದ ಎರಿಯನ್ನು ಹಿಂಡದೆ, ಚೌಕಟ್ಟಿನ ಸಮೇತ ಯಂತ್ರದಲ್ಲಿಟ್ಟು ತಿರುಗಿಸಿ ಜೇನುತುಪ್ಪ ತೆಗೆದೆ. ಖಾಲಿ ಎರಿಯನ್ನು ಮತ್ತೆ ಪೆಟ್ಟಿಗೆಗೇ ಇಟ್ಟಾಗ ಊರ ಹೆಂಗಸರು ಬೆರಗಾದರು. ನನ್ನ ಕಾಲಂತೂ ನೆಲದ ಮೇಲಿರಲಿಲ್ಲ. ಊರಿನಲ್ಲಿ ಜೇನಿನ ವಿಷಯ ನನ್ನನ್ನು ಬಿಟ್ಟರೆ ಇನ್ನಾರಿಗೂ ಗೊತ್ತಿಲ್ಲ ಅನ್ನುವ ಹಾಗೆ ಓಡಾಡಿದೆ.

ಆಷಾಢ ಬಂತು. ಜಡಿಮಳೆ ಹಿಡಿದರೆ ಜೇನು ಹೊರಗೆ ಹೋಗುವಂತಿಲ್ಲ, ಹೋದರೂ ಹೂವಿಲ್ಲ. ಆಗ ಸಕ್ಕರೆ ಪಾಕ ಕೊಟ್ಟು ಸಾಕಬೇಕು. ತೆಂಗಿನ ಕರಟದಲ್ಲಿ ಪಾಕ ಸುರಿದು, ಜೇನುನೊಣ ಮುಳುಗದಂತೆ ನಾಲ್ಕು ಹುಲ್ಲುಕಡ್ಡಿ ಹಾಕಿ, ಸಂಜೆ ಪೆಟ್ಟಿಗೆಯೊಳಗೆ ಇಡುತ್ತಿದ್ದೆ. ಅಷ್ಟರಲ್ಲಿ ಮಿರ್ಲೆಯಲ್ಲಿ ತಂಗಿಗೆ ಹೆರಿಗೆಯಾಯಿತು. ಹತ್ತು ದಿನಕ್ಕೆ ತವರಿಗೆ ಹೊರಟಾಗ, ಎರಡು ದಿನಕ್ಕೊಮ್ಮೆ ಪಾಕ ಇಡಿ ಎಂದು ಅತ್ತೆಗೆ ಮೂರು ಸಲ ಹೇಳಿದೆ.

ತಿರುಗಿ ಬಂದವಳು ಚೀಲ ಕೆಳಗಿಡುವ ಮೊದಲೇ ಹಿತ್ತಲಿಗೆ ಹೋದೆ. ಒಂದು ಪೆಟ್ಟಿಗೆಯ ಮುಂದೆ ನೊಣಗಳು ರಾಶಿಯಾಗಿ ಸತ್ತುಬಿದ್ದಿದ್ದವು. ಇನ್ನೊಂದರಲ್ಲಿ ಮೂರು ಎರಿ ಮುಚ್ಚುವಷ್ಟು ಮಾತ್ರ ಉಳಿದಿದ್ದವು. ಬಾಗಿಲ ಹಲಗೆಯ ತುಂಬ ಕಂದು ಬಣ್ಣದ ಕಲೆ. ಔಷಧಿಯೇ ಇರಬೇಕು, ಇನ್ನೇನು! ಪಕ್ಕದ ಹೊಲದ ಮಾವ ಅರ್ಧ ಎಕರೆ ಹತ್ತಿ ಹಾಕಿದ್ದರು. ಮಾವ ಅಂದರೆ ರಕ್ತ ಸಂಬಂಧವಲ್ಲ, ವಯಸ್ಸಿಗೆ ಕೊಟ್ಟ ಮರ್ಯಾದೆ. ಆ ದಿನ ಆ ಮರ್ಯಾದೆಯೂ ಉಳಿಯಲಿಲ್ಲ. ಬದುವಿನ ಮೇಲೆ ನಿಂತು, ಕಳೆ ಕೀಳುವ ಆಳುಗಳೆದುರೇ ಮುಖಕ್ಕೆ ಮಂಗಳಾರತಿ ಎತ್ತಿದೆ. ಮೂಕಪ್ರಾಣಿ ಕೊಂದ ಕೈಯಲ್ಲಿ ಅನ್ನ ಹೇಗೆ ಉಣ್ಣುತ್ತೀರಿ ಎಂದುಬಿಟ್ಟೆ.

ಅವರು ದನಿ ಏರಿಸಲಿಲ್ಲ. "ಔಷಧಿ ಪಂಪು ಅಟ್ಟದಿಂದ ಇಳ್ಸೇ ಇಲ್ಲ ಕಣವ್ವ," ಎಂದರು. ನಾನು ನಂಬಲಿಲ್ಲ. ಹೊರಟವಳಿಗೆ ಹಿಂದಿನಿಂದ ಕೇಳಿಸುವಂತೆ, ಈ ವರ್ಷ ರಾಗಿಯಲ್ಲಿ ಅಕ್ಕಡಿ ಹಾಕುವುದಿಲ್ಲ, ಯಾರ ನೊಣಕ್ಕೂ ನನ್ನ ಹೊಲದ ಹೂವು ಬೇಡ ಎಂದು ಆಳುಗಳಿಗೆ ಹೇಳಿದರು.

ಅದು ಎದೆಗೆ ನಾಟಿತು. ನಮ್ಮದು ಒಂದೂವರೆ ಎಕರೆ, ಅದರ ತುಂಬ ಮುಸುಕಿನ ಜೋಳ. ಸುತ್ತ ನಾಲ್ಕು ಎಕರೆ ರಾಗಿ ಬೆಳೆಯುವವರು ಅವರೊಬ್ಬರೇ. ಉಳಿದ ಒಂದು ಜೇನು ಸಂಸಾರ ಕಾರ್ತಿಕದಲ್ಲಿ ಎದ್ದು ನಿಲ್ಲಬೇಕಾದರೆ ಅವರ ಹುಚ್ಚೆಳ್ಳೇ ಗತಿ.

ಸಂಜೆ ತರಬೇತಿ ಕೊಟ್ಟವರಿಗೆ ಫೋನು ಮಾಡಿ ಅಳುತ್ತಾ ಎಲ್ಲ ಹೇಳಿದೆ. ಕಂದು ಕಲೆಯ ಮಾತು ಬಂದ ಕೂಡಲೇ ಅವರು ತಡೆದು, ಬೆಲ್ಲ ಕೊಟ್ಟಿರಾ ಎಂದು ಕೇಳಿದರು. ಜೇನಿಗೆ ಬೆಲ್ಲ ಅರಗುವುದಿಲ್ಲ, ಭೇದಿಯಾಗುತ್ತದೆ, ಮಳೆಯಲ್ಲಿ ಹೊರಗೂ ಹೋಗಲಾರದೆ ಒಳಗೇ ಸಾಯುತ್ತದೆ ಎಂದರು. ಬೆಲ್ಲ ಇಟ್ಟಿರಾ ಎಂದು ಅತ್ತೆಯನ್ನು ಕೇಳಿದೆ. ಅವರು ಗಾಬರಿಯಾಗಲಿಲ್ಲ, ನನ್ನನ್ನೇ ತಿಳಿಗೇಡಿಯಂತೆ ನೋಡಿದರು.

"ಮನೆ ಬಾಗ್ಲಿಗೆ ಬಂದೋರ್ಗೆ ಬೆಲ್ಲ ನೀರು ಕೊಡ್ದೆ, ಟೀಗೆ ಆಕೋ ಸಕ್ರೆ ಕೊಟ್ಟಾರಾ?"

ಕೆ.ಆರ್. ನಗರದಿಂದ ತರಿಸಿದ ಒಳ್ಳೆಯ ಅಚ್ಚು ಬೆಲ್ಲವನ್ನು, ನೆಂಟರಿಗೆಂದು ಇಟ್ಟಿದ್ದನ್ನು, ಕರಗಿಸಿ ಇಟ್ಟಿದ್ದರು. ಪ್ರೀತಿಯಿಂದಲೇ ಕೊಟ್ಟಿದ್ದರು. ಬೆಲ್ಲ ಕೂಡದೆಂದು ತರಬೇತಿಯಲ್ಲಿ ಹೇಳಿದ್ದು ನನಗೆ ನೆನಪಿತ್ತು. ಅವರಿಗೆ ಹೇಳಬೇಕೆಂದು ಮಾತ್ರ ಹೊಳೆದಿರಲಿಲ್ಲ. ಮಾವನಿಗೆ ಆಡಿದ್ದಂತೂ ಆಡಿಯಾಗಿತ್ತು; ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಬೆಳಿಗ್ಗೆ ಮನೆಯ ಹುಚ್ಚೆಳ್ಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋದೆ. ಮಾವ ಎತ್ತು ಹೂಡಿ ಕೂರಿಗೆಯಲ್ಲಿ ರಾಗಿ ಬಿತ್ತಲು ಶುರುಮಾಡಿದ್ದರು. ಅಕ್ಕಡಿ ಬಿಡುವ ಬಿದಿರು ಕೊಳವೆ, ಸಡ್ಡೆ, ಬದುವಿನ ಮೇಲೆ ಒಂಟಿಯಾಗಿ ಬಿದ್ದಿತ್ತು. ಅದೇ ಆಳುಗಳ ಎದುರು ನಿಂತು, ತಪ್ಪು ನಮ್ಮ ಮನೆಯದು, ನಿಮ್ಮನ್ನು ಬೈದದ್ದು ನನ್ನ ಕೊಬ್ಬು ಎಂದೆ. ಅವರು ಒಂದು ಸುತ್ತು ಹೋಗಿ ಬಂದರು. ಆಮೇಲೆ ಎತ್ತು ನಿಲ್ಲಿಸಿದರು.

"ಬೈಯೋಕ್ ಬತ್ತದೆ. ಬಿತ್ತೋಕ್ ಬತ್ತದಾ?"

ಸಡ್ಡೆಯನ್ನು ಕೂರಿಗೆಯ ಹಿಂದೆ ಕಟ್ಟಿಕೊಟ್ಟರು. ನಾಲ್ಕು ಎಕರೆಯೂ ಹಿಂದೆ ಹಿಂದೆ ನಡೆದು ಕಾಳು ಬಿಟ್ಟೆ. ಆಸೆಗೆ ಒಂದು ಹಿಡಿ ಹೆಚ್ಚೇ ಬಿಟ್ಟೆ. ಅದು ಅವರಿಗೆ ಗೊತ್ತಾಗದೆ ಇರಲಿಲ್ಲ.

ಆಮೇಲಿನ ಮೂರು ತಿಂಗಳು ನನಗೆ ಹಬ್ಬವೋ ಹಬ್ಬ, ಭಯವೋ ಭಯ. ಪೆಟ್ಟಿಗೆ ತೊಳೆದೆ, ಬಾಗಿಲು ಕಿರಿದು ಮಾಡಿದೆ, ಸಕ್ಕರೆ ಪಾಕ ಬಿಟ್ಟು ಬೇರೆ ತೋರಿಸಲಿಲ್ಲ. ಇರುವೆ ಹತ್ತದಂತೆ ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲಿಟ್ಟೆ. ಮೂರು ಎರಿ ನಾಲ್ಕಾಯಿತು, ಐದಾಯಿತು. ಹುಚ್ಚೆಳ್ಳು ಅರಳಿತು ನೋಡಿ, ಎಂಟೇ ದಿನದಲ್ಲಿ ನೊಣಗಳ ಕಾಲೆಲ್ಲ ಅರಿಶಿನ ಮೆತ್ತಿಕೊಂಡಂತಾಯಿತು. ಮೇಲಂತಸ್ತು ಇಟ್ಟೆ. ಹೊಸ ರಾಣಿ ಹುಟ್ಟಿ ಸಂಸಾರ ಪಾಲಾಗದಂತೆ ವಾರಕ್ಕೊಮ್ಮೆ ರಾಣಿಗೂಡು ಹುಡುಕಿ ಕಿತ್ತೆ. ಒಂದು ಬೆಳಿಗ್ಗೆ ಚೌಕಟ್ಟು ಎತ್ತಿದರೆ ಕೈ ಸೋಲುವಷ್ಟು ಭಾರ, ಅಂಚಿನಿಂದ ಅಂಚಿಗೆ ಬಿಳಿ ಮೇಣದ ಮುಚ್ಚಳ. ನಾನು ಹಿತ್ತಲಲ್ಲಿ ನಿಂತು ಒಬ್ಬಳೇ ಕೂಗಿದೆ.

ಮೊದಲ ಲೋಟ ಜೇನುತುಪ್ಪವನ್ನು ಅತ್ತೆಯೇ ಮಾವನನ್ನು ಕರೆದು ಕೊಟ್ಟರು. ಅವರು ಕುಡಿಯದೆ ಕೈಯಲ್ಲಿ ಹಿಡಿದುಕೊಂಡೇ ಪೆಟ್ಟಿಗೆಯ ಪಕ್ಕ ಕುಕ್ಕರಗಾಲಲ್ಲಿ ಕುಳಿತರು. ತಮ್ಮ ಹೊಲದ ಕಡೆಯಿಂದ ನೊಣಗಳು ಬರುವುದನ್ನೂ ಹೋಗುವುದನ್ನೂ ಬಹಳ ಹೊತ್ತು ನೋಡಿದರು. ಇವು ಸಂಜೆ ಎಷ್ಟು ಹೊತ್ತಿಗೆ ಗೂಡು ಸೇರುತ್ತವೆ ಎಂದು ಕೇಳಿದರು. ಹೊತ್ತು ಮುಳುಗುವ ಮುಂಚೆ ಎಂದೆ.

"ಅವ್ರೆಗೆ ಉಳ ಬಿದ್ದೈತೆ ಕಣವ್ವ. ನಾಳೆ ಬೆಳಿಗ್ಗೆನೇ ಔಷಧಿ ಒಡೀಬೇಕು ಅಂತಿದ್ದೆ. ಇನ್ಮೇಲೆ ದೀಪ ಅಚ್ಚೋ ಒತ್ನಲ್ಲಿ ಒಡೀತೀನಿ ಬುಡು."

ಹುಚ್ಚೆಳ್ಳಿನ ಪಕ್ಕದ ಆ ಅವರೆಯೂ ಹೂವಾಗಿ ನಿಂತಿತ್ತು, ನನ್ನ ನೊಣಗಳು ಬೆಳಗಿನಿಂದ ಅದರ ಮೇಲೂ ಇದ್ದವು. ಔಷಧಿ ಯಾವಾಗ ಹೊಡೆಯುತ್ತೀರಿ ಎಂದು ಆ ಮನುಷ್ಯನನ್ನು ನಾನು ಒಂದು ದಿನವೂ ಕೇಳಿರಲಿಲ್ಲ. ಬೈಯಲು ಹೋದಾಗಲೂ ಕೇಳಿರಲಿಲ್ಲ, ತಪ್ಪೊಪ್ಪಿಕೊಳ್ಳಲು ಹೋದಾಗಲೂ ಕೇಳಿರಲಿಲ್ಲ.