ಒಂದೇ ಸಲ ಕೇಳಿದ್ದೆ

ಮೊನ್ನೆ ಸಂಜೆ ಆಫೀಸಿನಿಂದ ಬಂದು ಲಿಫ್ಟಿನಿಂದ ಹೊರಗೆ ಕಾಲಿಟ್ಟರೆ, ಕಾರಿಡಾರಿನ ತುಂಬ ಒಣ ಪುದೀನವನ್ನು ಎಣ್ಣೆಯಲ್ಲಿ ಹುರಿದ ವಾಸನೆ. ಯಾರ ಮನೆಯದೋ ಗೊತ್ತಾಗಲಿಲ್ಲ. ಬೀಗದ ಕೈ ಹಿಡಿದುಕೊಂಡು ಸುಮ್ಮನೆ ನಿಂತೆ. ನಾವಿರುವ ಈ ಪರದೇಶದ ಸೆಂಗ್‌ಕಾಂಗ್ ಬಡಾವಣೆಯ ನಮ್ಮ ಮಹಡಿಯಲ್ಲಿ ಒಂದು ಕಾಲಕ್ಕೆ ಆ ವಾಸನೆ ಬರುತ್ತಿದ್ದದ್ದು ಪಕ್ಕದ ಇರಾನಿ ಆಂಟಿಯ ಮನೆಯಿಂದ. ನಾವು ಸಾರಿಗೆ ಒಗ್ಗರಣೆ ಹಾಕುವ ಹಾಗೆ ಅವರು ಕಾಳು ಸೊಪ್ಪಿನ ಸೂಪಿನ ಮೇಲೆ ಅದನ್ನು ಸುರಿಯುತ್ತಿದ್ದರು...

ಆಂಟಿ ಬೇರೆ ದೇಶಗಳ ಕಾದಂಬರಿಗಳನ್ನು ಪರ್ಷಿಯನ್‌ಗೆ ಅನುವಾದಿಸುತ್ತಿದ್ದರು. ಜೈಲಿನಲ್ಲಿದ್ದ ಹೆಂಗಸರ ಬಿಡುಗಡೆಗಾಗಿ ಸಹಿ ಸಂಗ್ರಹಿಸಿ, ತಾವೂ ಜೈಲು ಕಂಡು, ಕೊನೆಗೆ ದೇಶ ಬಿಟ್ಟವರು. ಇಲ್ಲೊಂದು ಕಾಲೇಜಿನಲ್ಲಿ ಎರಡು ವರ್ಷದ ಕೆಲಸ ಸಿಕ್ಕಿತ್ತು. ಇರಾನಿನಲ್ಲಿ ಅವರ ಹೆಸರು ಹಾಕುವ ಹಾಗಿರಲಿಲ್ಲ, ಅವರ ಪುಸ್ತಕಗಳು ಅಲ್ಲಿ ಬೇರೆ ಯಾರದೋ ಹೆಸರಿನಲ್ಲಿ ಅಚ್ಚಾಗುತ್ತಿದ್ದವು. ಅದಕ್ಕಾಗಿ ಗೊಣಗಿದ್ದನ್ನು ನಾನಂತೂ ಕೇಳಿಲ್ಲ.

ಭಾನುವಾರ ನನ್ನನ್ನು ಕೂರಿಸಿಕೊಂಡು ಅನುವಾದವನ್ನು ಗಟ್ಟಿಯಾಗಿ ಓದುತ್ತಿದ್ದರು. ನಮ್ಮ ಮಾತುಕತೆಯೆಲ್ಲ ಇಂಗ್ಲಿಷಿನಲ್ಲಿ. ಪರ್ಷಿಯನ್ ನನಗೆ ಒಂದಕ್ಷರವೂ ಬಾರದು. ಅದಕ್ಕೇ ನಾನು ಬೇಕಂತೆ. ಅರ್ಥವಾಗುವವರು ಕಥೆಯ ಹಿಂದೆ ಹೋಗಿಬಿಡುತ್ತಾರೆ, ನಿನಗೆ ದನಿಯಷ್ಟೇ ಕೇಳುತ್ತದೆ ಎನ್ನುತ್ತಿದ್ದರು. ನಾನು ಆಕಳಿಸಿದ ಕಡೆ ಪೆನ್ಸಿಲಿನ ಗೆರೆ ಬೀಳುತ್ತಿತ್ತು. ರಾಫೆಲ್ಸ್ ಪ್ಲೇಸಿನ ಬ್ಯಾಂಕಿನಲ್ಲಿ ವಾರವಿಡೀ ದುಡಿದು ಬಂದವಳ ಆಕಳಿಕೆಗೆ ಅಷ್ಟು ಮರ್ಯಾದೆ ಇನ್ನೆಲ್ಲೂ ಸಿಕ್ಕಿಲ್ಲ.

ಅವರ ತಾಯಿ ಊರಲ್ಲೇ ಇದ್ದರು. ದಿನಾ ವಿಡಿಯೋ ಕಾಲ್. ಹೋಗಿ ನೋಡುವ ಹಾಗಿರಲಿಲ್ಲ. ಹೋದರೆ ಏರ್‌ಪೋರ್ಟಿನಲ್ಲೇ ಹಿಡಿಯುತ್ತಿದ್ದರು. ಒಂದು ಶನಿವಾರ ಮಧ್ಯಾಹ್ನ ನಮ್ಮ ಬಾಗಿಲು ತಟ್ಟಿ, ಅಮ್ಮ ಹೋಗಿಬಿಟ್ಟರು ಎಂದಷ್ಟೇ ಹೇಳಿದರು. ನಾನು ಅವರ ಕೈ ಹಿಡಿದುಕೊಂಡು, ಜೊತೆಗೆ ಬಂದು ಕೂತಿರಲಾ ಎಂದು ಕೇಳಿದೆ. ಬೇಡ, ನಿನಗೆ ಮನೆಕೆಲಸ ಇರುತ್ತದೆ, ಸುಮ್ಮನೆ ತೊಂದರೆ ಎಂದರು. ಆಮೇಲೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದರು... ನನಗೆ ಆಗಲೇ ಹೊಳೆಯಬೇಕಿತ್ತು.

"ಬೇಡ ಅಂದ್ರಲ್ಲ, ಪ್ರೈವಸಿ ಬೇಕೇನೋ. ಡಿಸ್ಟರ್ಬ್ ಮಾಡ್ಬೇಡ ಬಿಡು," ಎಂದರು ನನ್ನ ಗಂಡ. ನನಗೂ ಸರಿ ಅನ್ನಿಸಿತು. ಸಾಕು ಸಾಕು ಎಂದು ಎಲೆಗೆ ಕೈ ಅಡ್ಡ ಹಿಡಿದರೂ ಇನ್ನೊಂದು ಸೌಟು ಬಡಿಸಿಯೇ ಬಿಡುವ ಮೈಸೂರಿನ ಮನೆಯಲ್ಲಿ ಬೆಳೆದವಳು ನಾನು. ಇಲ್ಲಿಗೆ ಬಂದ ಮೇಲೆ, ಬೇಡ ಅಂದರೆ ಬೇಡ ಎಂದು ನಂಬುವುದನ್ನು ಚೆನ್ನಾಗಿಯೇ ಕಲಿತುಬಿಟ್ಟಿದ್ದೆ. ಆ ಶನಿವಾರ, ಭಾನುವಾರ ಎರಡೂ ದಿನ ಆಂಟಿ ಒಬ್ಬರೇ ಇದ್ದರು.

ಕೆಲಸದ ಅವಧಿ ಮುಗಿದು ಇನ್ನೊಂದು ದೇಶಕ್ಕೆ ಹೊರಟ ದಿನ, ಟೀ ಕೊಟ್ಟು ಹೇಳಿದರು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ.

"ನಮ್ಮಲ್ಲಿ ಎರಡು ಸಲ ಬೇಡ ಅನ್ನೋದು ಮರ್ಯಾದೆ. ಮೂರನೇ ಸಲಕ್ಕೆ ಹೂಂ ಅಂತೀವಿ. ಅವತ್ತು ನೀನು ಒಂದೇ ಸಲ ಕೇಳಿದೆ."

ನಾಚಿಕೆಯಾಗಿ, ಟೀ ಲೋಟ ತೊಳೆಯುವ ನೆಪದಲ್ಲಿ ಎದ್ದು ಹೋದೆ. ಅವರು ಹೋದ ಮೇಲೆ ಕೆಲವು ತಿಂಗಳು ಮೆಸೇಜ್ ಬರುತ್ತಿತ್ತು, ಆಮೇಲೆ ನಂಬರೇ ಬದಲಾಯಿತು. ಎಲ್ಲಿದ್ದಾರೋ...

ಈಗ ಆ ಮನೆಯಲ್ಲಿ ಬೇರೆಯವರಿದ್ದಾರೆ, ಒಳ್ಳೆಯವರೇ. ಹೋದ ವರ್ಷ ನನ್ನ ಅಮ್ಮ ತೀರಿಕೊಂಡ ಸುದ್ದಿ ಬಂದಾಗ ನಾನು ಮನೆಯಲ್ಲಿ ಒಬ್ಬಳೇ ಇದ್ದೆ. ಅಳು ಕೇಳಿಸಿ ಪಕ್ಕದ ಮನೆಯಾಕೆ ಬಂದು, ಜೊತೆಗಿರಲಾ ಎಂದು ಕೇಳಿದಳು. ಬೇಡ ಎಂದೆ. ಓಕೆ ಎಂದು ಮೆಲ್ಲಗೆ ಬಾಗಿಲು ಎಳೆದುಕೊಂಡು ಹೋದಳು.

ಆಂಟಿ ಇದ್ದಿದ್ದರೆ ಇನ್ನೂ ಎರಡು ಸಲ ಕೇಳುತ್ತಿದ್ದರು.