ಮಾನಿಟರ್ ಆರಿಸಲು ಮಾವ ಬಂದದ್ದು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆ ದಿನದ ಡೈರಿಯಲ್ಲಿ ನಾನು ಬರೆದುಕೊಂಡಿರುವುದು ಪರದೆಯ ಇಂಚುಗಳನ್ನು ಮಾತ್ರ. ಮಾವ ಬಿಳಿ ಪಂಚೆ ಉಟ್ಟಿದ್ದರೋ ಚೌಕಳಿ ಲುಂಗಿಯೋ, ಅಂಗಡಿಯವನು ನಕ್ಕನೋ ಬೈದನೋ, ಎಲ್ಲವೂ ನನ್ನ ನೆನಪಿನ ಭರವಸೆಯ ಮೇಲಿದೆ. ಅದು ಅಂಥ ನಂಬಿಕಸ್ತ ಪ್ರಾಣಿಯಲ್ಲ.

ನಿನ್ನೆ ಗೆಳತಿಯೊಬ್ಬಳು ಫೋನ್ ಮಾಡಿದ್ದಳು. "ಲ್ಯಾಪ್‌ಟಾಪ್ ನೋಡಿ ನೋಡಿ ಕಣ್ಣುರಿ ಕಣೇ. ಮಾನಿಟರ್ ತಗೊಳ್ಳೋವಾಗ ಏನೇನು ನೋಡಬೇಕು?" ಯಾರಾದರೂ ಸಲಹೆ ಕೇಳಿದರೆ ನನಗೆ ಎಲ್ಲಿಲ್ಲದ ಹುರುಪು. ತೋಳು ಚಾಚಿದಷ್ಟು ದೂರ ಕೂರುವುದಾದರೆ ಇಪ್ಪತ್ತನಾಲ್ಕು ಇಂಚು ಸಾಕು ಅಂದೆ. ಹೊಳೆಯುವ ಪರದೆ ಬೇಡ, ಕಿಟಕಿಯೂ ನಿನ್ನ ಮುಖವೂ ಅದರಲ್ಲೇ ಬಂದು ಕೂರುತ್ತವೆ. ಸ್ಟ್ಯಾಂಡು ಮೇಲೆ ಕೆಳಗೆ ಆಗುವಂತಿರಲಿ, ನಿನ್ನ ಲ್ಯಾಪ್‌ಟಾಪಿಗೆ ಕೇಬಲ್ ಹೊಂದುತ್ತದೆಯೇ ಕೇಳು. "ಅಷ್ಟೇನಾ?" ಅಂದಳು. ಅಷ್ಟೇ ಅಂದು ಫೋನ್ ಇಟ್ಟೆ. ಆದರೆ ಹೋದ ವರ್ಷ ನಾನು ಮಾನಿಟರ್ ಕೊಳ್ಳಲು ಹೋದಾಗ ನೋಡಬೇಕಾಗಿದ್ದದ್ದೇ ಬೇರೆ.

ನಮ್ಮದು ವಿರೂಪಾಕ್ಷಿಪುರದ ಪಕ್ಕದ ಹಳ್ಳಿ. ನಮ್ಮಮ್ಮನ ತಮ್ಮ, ಅಂದರೆ ನನ್ನ ಮಾವ, ಅಲ್ಲೇ ಎದುರು ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಾರೆ. ಹಸುವಿರಲಿ, ಕುಕ್ಕರಿರಲಿ, ಗಂಡಿರಲಿ, ನೆಂಟರಿಷ್ಟರಿಗೆಲ್ಲ ಆರಿಸಿಕೊಡುವವರು ಅವರೇ. ನಾನು ಮಾನಿಟರ್ ಕೊಳ್ಳುವ ಸುದ್ದಿ ಸಿಕ್ಕಿದ್ದೇ ತಡ, ಅತ್ತೆ ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋದರು.

"ನಿಮ್ ಮಾವನಿಗೆ ಕಣ್ ಮಂಜಾಗೈತೆ ಕಣವ್ವ. ಕೇಳುದ್ರೆ ಮೈಮ್ಯಾಲೆ ಬತ್ತಾರೆ. ದಿನಾ ಮೊಪೆಡ್ ತಕ್ಕಂಡು ಐವೇ ರೋಡ್ಗೆ ಓಯ್ತಾರೆ, ನಂಗೆ ಜೀವ ಕೈಲಿ. ಆ ಟೀವಿ ಆರ್ಸಕ್ಕೆ ಅಂತ ಕರ್ಕಂಡೋಗು. ಏನ್ ಓದ್ತಾರೆ ನೋಡ್ಕಂಡ್ ಬಂದು ಯೋಳು. ಕಾಣ್ದಿದ್ರೆ ಕೀ ಕಿತ್ತಿಕ್ಕತೀನಿ."

"ಅತ್ತೆ, ಅದು ಟೀವಿ ಅಲ್ಲ."

"ಯಾವ್ದೋ ಒಂದು. ಅಕ್ಸರ ಬತ್ತದೋ ಇಲ್ವೋ?"

ಹೀಗೆ ಎಂ.ಎ. ಮಾಡಿದ ನಾನು ಗೂಢಚಾರಳಾಗಿ ಮಾವನೊಡನೆ ರಾಮನಗರದ ಬಸ್ಸು ಹತ್ತಿದೆ.

ಅಂಗಡಿಯಲ್ಲಿ ಒಂದು ಪರದೆಯ ಮೇಲೆ ದಪ್ಪಕ್ಷರ ಮೂಡಿಸಿ, "ಮಾವ, ಇದು ಸ್ಪಷ್ಟವಾಗಿದೆಯಾ? ಸ್ವಲ್ಪ ಓದಿ" ಅಂದೆ.

"ಓದಕ್ಕೆ ನೀನಿದ್ದೀಯಲ್ಲ ಮಗ. ಅಷ್ಟು ವರ್ಸ ಓದ್ಸಿದ್ದು ಯಾತಕ್ಕೆ?" ಅಂದವರೇ, ಮೇಜಿನ ಮೇಲಿದ್ದ ಮಾನಿಟರನ್ನು ಎರಡೂ ಕೈಯಲ್ಲಿ ಎತ್ತಿ, ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿದರು.

ನೀವು ರೇಷ್ಮೆ ಸೀಮೆಯವರಲ್ಲದಿದ್ದರೆ ಹೇಳಬೇಕು: ಗೂಡನ್ನು ಕಿವಿಯ ಬಳಿ ಅಲ್ಲಾಡಿಸಿದಾಗ ಒಳಗಿನ ಹುಳ ಟಕಟಕ ಅಂದರೆ ಗೂಡು ಚೆನ್ನಾಗಿದೆ ಎಂದರ್ಥ. ಸದ್ದಿಲ್ಲದಿದ್ದರೆ ಹುಳ ಒಳಗೇ ಸತ್ತು ಅಂಟಿಕೊಂಡಿದೆ.

"ಯಜಮಾನ್ರೇ, ಇಳ್ಸಿ, ಅದು ಗಾಜು!" ಅಂಗಡಿಯವನು ಓಡಿ ಬಂದ.

"ಒಳ್ಗೇನೂ ಅಲ್ಲಾಡ್ತಿಲ್ವಲ್ಲಪ್ಪ. ಸತ್ತೋಗೈತಾ?"

"ಅಲ್ಲಾಡಿದ್ರೆ ನಾನು ಸತ್ತಂಗೆ!"

ಮಾವ ಎಲ್ಲ ಮಾನಿಟರುಗಳ ಮುಂದೆಯೂ ನಿಂತರು. ಬೆನ್ನು ಸವರಿದರು, ಬಿಸಿ ನೋಡಿದರು, ತೂಕ ನೋಡಿದರು. ಅಕ್ಷರದ ತಂಟೆಗೆ ಮಾತ್ರ ಹೋಗಲಿಲ್ಲ. ಕೊನೆಗೆ ಒಂದರೊಳಗೆ ಇಣುಕಿ, "ಇದ್ರಾಗೆ ನನ್ ಮೂತಿ ಕಾಣ್ತಿಲ್ಲ. ಇದ್ನೇ ತಕ್ಕೊ" ಅಂದರು.

ನಾನು ತಬ್ಬಿಬ್ಬಾದೆ. ಅದು ಹೊಳಪಿಲ್ಲದ ಪರದೆಯೇ, ನಾನು ಓದಿಕೊಂಡು ಹೋಗಿದ್ದಂಥದ್ದೇ. ಆದರೆ ಮೂತಿ ಕಾಣದಿದ್ದದ್ದು ಪರದೆಯ ಗುಣದಿಂದಲೋ, ಕಣ್ಣಿನ ಮಂಜಿನಿಂದಲೋ? ಪಕ್ಕದ ಹೊಳೆಯುವ ಪರದೆಯಲ್ಲಿ ಕಂಡಿತ್ತೇ ಎಂದು ಕೇಳುವ ಬುದ್ಧಿ ನನಗೆ ಬಂದದ್ದು ಬಸ್ಸು ಚನ್ನಪಟ್ಟಣ ದಾಟಿದ ಮೇಲೆ. ಆಗ ಮಾವ, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ನಿದ್ದೆ ಹೋಗಿದ್ದರು ಅಥವಾ ನಿದ್ದೆ ಹೋದಂತಿದ್ದರು.

"ಏನಾಯ್ತವ್ವ?" ಅತ್ತೆ ಬಾಗಿಲಲ್ಲೇ ಪಿಸುಗುಟ್ಟಿದರು.

"ಗೊತ್ತಾಗಲಿಲ್ಲ ಅತ್ತೆ."

"ಓದಿರೋಳ್ ಕೈಗೆ ಕೊಟ್ನಲ್ಲ, ನಂಗ್ ಬುದ್ಧಿ ಇಲ್ಲ."

ಕೀಲಿ ಮಾವನ ಜೇಬಿನಲ್ಲೇ ಉಳಿಯಿತು. ಮೊಪೆಡ್ಡೂ ಹೆದ್ದಾರಿಗೆ ಹೋಗುತ್ತಲೇ ಇದೆ. ಗೆಳತಿಯ ಫೋನ್ ಇಟ್ಟ ಮೇಲೆ ಇದೆಲ್ಲ ನೆನಪಾಗಿ, ಪರೀಕ್ಷೆ ಮಾಡುವ ಹಟದಲ್ಲಿ ಅವರನ್ನು ನೇರವಾಗಿ ಒಂದು ಮಾತೂ ಕೇಳಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಇವತ್ತು ಬೆಳಿಗ್ಗೆ ಎದುರು ಮನೆಗೆ ಹೋದೆ. ಹುಳ ಹಣ್ಣಾಗಿತ್ತು. ಮೈ ಹಳದಿಗೆ ತಿರುಗಿದ್ದನ್ನು ಮಾತ್ರ ಆರಿಸಿ, ಗೂಡು ಕಟ್ಟಲು ಚಂದ್ರಿಕೆ ಅನ್ನುವ ಬಿದಿರಿನ ತಟ್ಟಿಗೆ ಬಿಡಬೇಕು. ಮಾವ ಸರಸರನೆ ಆರಿಸಿ ಬಿಡುತ್ತಿದ್ದರು. ಅವರ ಹಿಂದೆಯೇ ಅತ್ತೆ ಸದ್ದಿಲ್ಲದೆ ಬಂದು, ಅವರು ಬಿಟ್ಟದ್ದರಲ್ಲಿ ಇನ್ನೂ ಹಣ್ಣಾಗದ ಹುಳಗಳನ್ನು ಒಂದೊಂದಾಗಿ ಎತ್ತಿ ಸೊಪ್ಪಿಗೆ ಮರಳಿಸುತ್ತಿದ್ದರು. ಅತ್ತೆ ನನ್ನ ಮುಖ ನೋಡಲಿಲ್ಲ. ನಾನು ಮಾವನ ಪಕ್ಕ ಕುಕ್ಕರುಗಾಲಲ್ಲಿ ಕೂತು ಕೇಳಿದೆ. ಸಂಜೆಯಾಯಿತು, ಅವರು ಇನ್ನೂ ಹೂಂ ಅಂದಿಲ್ಲ, ಉಹೂಂ ಅಂದಿಲ್ಲ. ಕೇಳಿದ್ದು ಇಷ್ಟೆ:

"ಮಾವ, ನನಗೂ ಕಣ್ಣುರಿ. ನಾಳೆ ಇಬ್ಬರೂ ಹೋಗಿ ಡಾಕ್ಟ್ರಿಗೆ ತೋರಿಸಿಕೊಂಡು ಬರೋಣ್ವಾ? ಮೊಪೆಡ್ ನಾನು ಓಡಿಸ್ತೀನಿ, ನೀವು ಹಿಂದೆ ಕೂತು ದಾರಿ ಹೇಳ್ತೀರಾ?"